ಅಂಬಾಸಿಡರಿನ ತಳ

ಮೇ 12, ಸೋಮವಾರ

ಹಾಲಿನ ಸೊಸೈಟಿಯವರು ವರ್ಷದ ಮೊದಲಿಗೆ ಕೊಟ್ಟಿದ್ದ ಈ ದಪ್ಪ ಪುಸ್ತಕವನ್ನು ಹೇಮಶ್ರೀ ಇವತ್ತು ನನ್ನ ಮುಂದೆ ತಂದಿಟ್ಟು, "ಕೂಗಾಡೋದನ್ನೆಲ್ಲ ಇನ್ಮೇಲೆ ಇದ್ರೊಳಗೆ ಕೂಗಾಡಿ. ನಮ್ಮೇಲೆ ಬ್ಯಾಡ" ಎಂದಳು. ಕಟ್ಟಿಕೊಂಡ ಹೆಂಡತಿಯ ಬಾಯಿಂದ ಇಂಥ ಮಾತು ಕೇಳುವ ಯೋಗ ನನ್ನದು. ಪುಸ್ತಕವನ್ನು ಪಕ್ಕಕ್ಕೆ ತಳ್ಳಿದೆ. ಸಂಜೆಯಾಗುವಷ್ಟರಲ್ಲಿ ಮತ್ತೆ ಎಳೆದುಕೊಂಡೆ. ಬೇರೆ ಕೆಲಸವಾದರೂ ಏನಿದೆ ನನಗೆ? ಕಾರು ಮುಟ್ಟಬಾರದು. ಟ್ರಾಕ್ಟರು ಮುಟ್ಟಬಾರದು. ನಾಲೆ ಕಡೆ ಒಬ್ಬನೇ ಹೋಗಬಾರದು. ಐವತ್ತು ದಾಟಿದ ಗಂಡಸು ಅಂಗನವಾಡಿ ಮಗುವಿನ ಹಾಗೆ ಜಗಲಿಯ ಮೇಲೆ ಕೂತಿದ್ದೇನೆ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಸೊಸೈಟಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವನು ಹಾಗೇ ಬಿದ್ದೆನಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನನಗೆ ಒಂದೂ ನೆನಪಿಲ್ಲ. ಕೈಕಾಲು ಒದರಿದೆನಂತೆ. ಹಾಲೆಲ್ಲ ಮಣ್ಣುಪಾಲಾಯಿತಂತೆ. "ಕೈಗೆ ಕಬ್ಬಿಣ ಕೊಡ್ರಲಾ" ಎಂದು ಯಾರೋ ಕೂಗಿದರಂತೆ. ಮೂರ್ಛೆ ಬಂದವನ ಮುಷ್ಟಿಗೆ ಕಬ್ಬಿಣ ಹಿಡಿಸಿದರೆ ಇಳಿಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ನನ್ನ ಜೇಬಿನಲ್ಲಿದ್ದ ಕಾರಿನ ಕೀ ಗೊಂಚಲನ್ನೇ ತೆಗೆದು ಹಿಡಿಸಿದ್ದಾರೆ. ಎಚ್ಚರವಾದಾಗ ಕೀ ಅಂಗೈಯಲ್ಲಿ ಅಚ್ಚೊತ್ತಿತ್ತು.

ಮೈಸೂರಿನ ಡಾಕ್ಟರಮ್ಮ ಅದನ್ನು ಕೇಳಿ ನಕ್ಕರು. "ಕಬ್ಬಿಣದಿಂದ ಏನೂ ಆಗೋದಿಲ್ಲ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಅಷ್ಟೇ" ಎಂದು ಹೇಮಶ್ರೀಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ನಗು ನಿಲ್ಲಿಸಿದರು. ಆರು ತಿಂಗಳು ಸ್ಟೇರಿಂಗ್ ಮುಟ್ಟಬಾರದು. ಮಾತ್ರೆ ತಪ್ಪಿಸಬಾರದು. ಅಷ್ಟರಲ್ಲಿ ಇನ್ನೊಂದು ಸಲ ಬರದಿದ್ದರೆ ಆಗಸ್ಟ್ ಹನ್ನೊಂದಕ್ಕೆ ನೋಡೋಣ. ಬಂದರೆ ಕಾರು ಓಡಿಸುವುದನ್ನು ಮರೆತುಬಿಡಿ.

ಮರೆಯುವುದಂತೆ! ಪಾಲಹಳ್ಳಿಯಲ್ಲಿ ನಾವು ಮೂವರು ಲೋಕೇಶರಿದ್ದೇವೆ. ಪೈಪ್ ಲೋಕೇಶ, ಕೋಳಿ ಲೋಕೇಶ, ಕಾರು ಲೋಕೇಶ. ಕೆ.ಆರ್.ಎಸ್. ನೀರಾವರಿ ಇಲಾಖೆಯ ಹರಾಜಿನಲ್ಲಿ ನಮ್ಮಪ್ಪ ಈ ಅಂಬಾಸಿಡರ್ ತಂದಾಗ ನನಗೆ ಮೀಸೆ ಮೂಡಿರಲಿಲ್ಲ. ಅಂದಿನಿಂದ ಊರಿನ ಎಷ್ಟು ಬಸುರಿಯರು, ಎಷ್ಟು ಮದುವೆ ಹೆಣ್ಣುಗಳು, ಹಾವು ಕಚ್ಚಿದವರು, ಜಗಳದಲ್ಲಿ ತಲೆ ಒಡೆಸಿಕೊಂಡವರು ಇದರಲ್ಲಿ ಕೂತಿದ್ದಾರೆ. ಕಾರು ಇಲ್ಲದಿದ್ದರೆ ನಾನು ಯಾವ ಲೋಕೇಶ? ಬರೀ ಲೋಕೇಶ.

ಮೇ 14, ಬುಧವಾರ

ಸುಮ್ಮನೆ ಕೂರುವ ಬದಲು ಕಾರನ್ನು ಒಳಗಿಂದ ಗುಡಿಸೋಣ ಎಂದು ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟು ಎತ್ತಿದೆ. ಮ್ಯಾಟಿನ ಕೆಳಗೆ ಗೋಣಿತಾಟು. ಗೋಣಿತಾಟಿನ ಕೆಳಗೆ ಹಳೇ ಎಣ್ಣೆ ಡಬ್ಬದ ತಗಡು. ತಗಡಿನ ಕೆಳಗೆ ಅಪ್ಪ ಬಳಿಸಿದ್ದ ಡಾಂಬರು. ಡಾಂಬರಿನ ಕೆಳಗೆ ಏನೂ ಇಲ್ಲ! ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳಕ್ಕೆ ಒತ್ತಿದ ಹಾಗೆ ಒಳಗೆ ಹೋಯಿತು. ಕ್ಲಚ್ ಪೆಡಲಿನ ಪಕ್ಕದಿಂದ ನೋಡಿದರೆ ನಮ್ಮ ಕೆಂಚು ಕೋಳಿ ಕೆಳಗಿನಿಂದ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು.

ಹೀಗೇಕಾಯಿತು ಎಂದು ಯೋಚಿಸಿದರೆ ಬೈಯಲು ಯಾರೂ ಸಿಗುತ್ತಿಲ್ಲ, ಎಲ್ಲ ನಾವೇ. ತೆಂಗಿನ ಸಸಿ ನೆಡುವಾಗ ಗುಂಡಿಗೆ ಹಾಕಲೆಂದು ಪ್ರತಿ ಸಲ ಉಪ್ಪಿನ ಮೂಟೆ ತಂದದ್ದು ಇದರಲ್ಲೇ. ಆಯುಧಪೂಜೆ ಬಂತೆಂದರೆ ಕೊಟ್ಟಿಗೆ ತೊಳೆದ ಹಾಗೆ ಬಿಂದಿಗೆ ಬಿಂದಿಗೆ ನೀರನ್ನು ಒಳಗೇ ಸುರಿದು ತೊಳೆದದ್ದೂ ನಾವೇ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ನಮ್ಮ ಕಾರಿಗೆ ಉಪ್ಪನ್ನೂ ತಿನ್ನಿಸಿ ನೀರನ್ನೂ ಕುಡಿಸಿದ್ದೇವೆ.

ಇರಲಿ. ಆಗಸ್ಟ್ ಹನ್ನೊಂದರೊಳಗೆ ತಳ ಹೊಸದಾಗಬೇಕು. ಅವತ್ತು ಮೈಸೂರಿನಿಂದ ಬಂದವನು ನೇರವಾಗಿ ಕೀ ಹಾಕಬೇಕು.

ಹೇಮಶ್ರೀಗೆ ಹೇಳಿದರೆ, "ಗುಜರಿಗೆ ಹಾಕ್ಬುಡಿ. ನಮಗೆ ಬಸ್ಸು ಫ್ರೀ ಅದೆ" ಎಂದಳು. ಸರ್ಕಾರ ಹೆಂಗಸರಿಗೆ ಬಸ್ಸು ಬಿಟ್ಟಾಗಿನಿಂದ ಇವಳಿಗೆ ನನ್ನ ಕಾರು ಕಣ್ಣಿಗೆ ಕಾಣುವುದಿಲ್ಲ. ಆಧಾರ್ ಕಾರ್ಡ್ ಹಿಡಿದು ಹೊರಟರೆ ಕರಿಘಟ್ಟವೂ ಆಯಿತು, ನಾಗಮಂಗಲವೂ ಆಯಿತು. ಅದಕ್ಕೇ ಪುಸ್ತಕದಲ್ಲಿ ಕೂಗಾಡುತ್ತಿದ್ದೇನೆ.

ಮೇ 22, ಗುರುವಾರ

ಪಾಂಡವಪುರದ ನಾಗರಾಜಾಚಾರ್ರು ಕೊನೆಗೂ ಬಂದರು. ನಾಲ್ಕು ದಿನದಿಂದ "ದಾರೀಲಿ ಇದೀನಿ ಗೌಡ್ರೆ" ಎನ್ನುತ್ತಿದ್ದರು. ಪಾಂಡವಪುರದಿಂದ ಪಾಲಹಳ್ಳಿಗೆ ಅಷ್ಟು ದೊಡ್ಡ ದಾರಿ ಯಾವಾಗ ಆಯಿತೋ ತಿಳಿಯದು. ಅವರ ಅಂಗಡಿಯಲ್ಲಿ ಮಾಡುವುದು ಗೇಟು, ಗ್ರಿಲ್ಲು, ಟ್ರಾಕ್ಟರ್ ಟ್ರೇಲರಿನ ಬಾಡಿ. ಕಾರಿನ ತಳ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಹುಬ್ಬು ಏರಿಸಿದ್ದರು. "ಕಬ್ಬಿಣ ಕಬ್ಬಿಣವೇ ಗೌಡ್ರೆ. ನಮ್ಮ ತಾತ ಆನೆಗೆ ಸರಪಳಿ ಮಾಡ್ದೋನು."

ಆನೆಯ ಸರಪಳಿಯಷ್ಟೇ ದಪ್ಪದ ವೆಲ್ಡಿಂಗ್ ಕಡ್ಡಿ ಹಿಡಿದು ತಗಡಿಗೆ ಕರೆಂಟು ಮುಟ್ಟಿಸಿದರು. ಚರ್ ಎಂದಿತು. ಎರಡು ಬೆರಳಗಲ ಇದ್ದ ತೂತು ಮುಷ್ಟಿ ಅಗಲ ಆಯಿತು. ಅದನ್ನು ಮುಚ್ಚಲು ಹೋಗಿ ಪಕ್ಕದಲ್ಲಿ ಇನ್ನೆರಡು ಬಿದ್ದವು. ತೂತು ಮುಚ್ಚಲು ಕರೆಸಿದ ಮನುಷ್ಯ ತೂತು ಕೊರೆದು ಕೊಟ್ಟ. "ತಗಡು ಸತ್ತೋಗದೆ ಗೌಡ್ರೆ. ಸತ್ತಿರೋದನ್ನೆಲ್ಲ ಕುಯ್ದು ತೆಗೆದು, ಜೀವ ಇರೋ ಕಡೆ ಹೊಸ ತಗಡು ಹಿಡೀಬೇಕು. ಗ್ಯಾಸ್ ಸೆಟ್ಟು ತತ್ತೀನಿ" ಎಂದು ಕಾಫಿ ಕುಡಿದು ಹೋದರು.

ನಮ್ಮ ಬೀದಿಯ ಮುದುಕಿ ದ್ಯಾವಮ್ಮ ಕೋಲೂರಿಕೊಂಡು ಬಂದು ನೋಡಿ, "ಕೆಲಸ ಇಲ್ದಿರೋ ಬಡಗಿ ಮಗೀನ ಕುಂಡೆ ಕೆತ್ತಿದ್ನಂತೆ. ಏನ್ ಮಾಡ್ತಿದ್ದೀಯಪ್ಪ ಲೋಕೇಸ?" ಎಂದಳು. ಅವಳ ಮಗಳ ಹೆರಿಗೆಗೆ ಓಡಿಸಿದ್ದು ಇದೇ ಕಾರು. ಅದನ್ನು ನೆನಪು ಮಾಡಿದೆ. "ಅದ್ಕೇ ಕೇಳ್ತಿರೋದು. ನಂಗೂ ವಯಸ್ಸಾಯ್ತು, ಬೇಗ ರೆಡಿ ಮಾಡು" ಎಂದು ಹೋದಳು.

ಮೇ 27, ಮಂಗಳವಾರ

ಅಮಾವಾಸ್ಯೆ. ಆಚಾರ್ರು ಇವತ್ತು ಬೆಂಕಿ ಹೊತ್ತಿಸುವುದಿಲ್ಲವಂತೆ. ನಿನ್ನೆ ಏಕೆ ಹೊತ್ತಿಸಲಿಲ್ಲ ಎಂದು ಕೇಳಿದೆ. ನಿನ್ನೆ ಮಧ್ಯಾಹ್ನವೇ ಅಮಾವಾಸ್ಯೆ ಹಿಡಿದಿತ್ತಂತೆ.

ತಲೆನೋವು. ಮಾತ್ರೆ ತಿಂದರೆ ಮಂಕು, ತಿನ್ನದಿದ್ದರೆ ಹೇಮಶ್ರೀ.

ಜೂನ್ 8, ಭಾನುವಾರ

ಇವತ್ತು ಕೆಲಸ ಅಂದರೆ ಕೆಲಸ! ಹೇಮಶ್ರೀಯ ತಮ್ಮ ಕಿಶನ್ ಕೆ.ಆರ್. ಪೇಟೆಯಲ್ಲಿ ಮನೆ ಕಟ್ಟಿಸುತ್ತಿದ್ದಾನಲ್ಲ, ಅಲ್ಲಿ ಕಂಬಿ ಕುಯ್ಯುತ್ತಿದ್ದ ಗ್ರೈಂಡರನ್ನು ಬೈಕಿಗೆ ಕಟ್ಟಿಕೊಂಡು ಬಂದ. ಶ್ರಾವಣದಲ್ಲಿ ಅವನ ಗೃಹಪ್ರವೇಶ. ಆಗಸ್ಟ್ ಹದಿನೇಳು, ನನ್ನ ಡಾಕ್ಟರ ದಿನಾಂಕ ಕಳೆದು ಆರೇ ದಿನಕ್ಕೆ. "ಭಾವ, ನೀವು ಕಾರಲ್ಲೇ ಬರಬೇಕು. ಬಾಗಿಲಿಗೆ ಫಸ್ಟ್ ನಿಮ್ಮ ಕಾರೇ ನಿಲ್ಬೇಕು" ಎಂದ. ಆ ಮಾತಿಗೆ ನನ್ನ ಎದೆ ಎಷ್ಟು ತುಂಬಿತು ಎಂದು ಅವನಿಗೆ ಗೊತ್ತಾಗಬಾರದೆಂದು, "ನೆಟ್ಟಗೆ ಹಿಡ್ಕಳಲಾ ಗ್ರೈಂಡರ್ನ" ಎಂದು ಗದರಿದೆ.

ಆಚಾರ್ರನ್ನು ಕಾಯುತ್ತ ಕೂತರೆ ಗೌರಿಹಬ್ಬ ಬರುತ್ತದೆ, ಸತ್ತ ತಗಡನ್ನು ನಾವೇ ಕುಯ್ದು ಇಟ್ಟರೆ ಅವರಿಗೆ ಬೆಸುಗೆ ಒಂದೇ ಉಳಿಯುತ್ತದೆ ಎಂದುಕೊಂಡೆವು. ಸೀಟುಗಳನ್ನು ಕಿತ್ತು, ಹಿಂದೆ ಮುಂದೆ ಸೈಜುಗಲ್ಲು ಕೊಟ್ಟು ಕಾರನ್ನು ಮೇಲೆತ್ತಿದೆವು. ಮೊದಲು ಬಲಗಡೆ ಒಂದನ್ನೇ ಕುಯ್ಯೋಣವೇ ಎಂದು ಕಿಶನ್ ಅನುಮಾನ ಮಾಡಿದ. "ಗಾಡಿ ಹಲಗೆ ಬದಲಾಯಿಸುವಾಗ ಒಂದೊಂದೇ ಹಲಗೆ ಬದಲಾಯಿಸ್ತಿದ್ವೇನ್ಲಾ? ಎಲ್ಲಾನೂ ಕಿತ್ತು ಹೊಸದು ಬಡೀತಿದ್ವಿ. ಕುಯ್ಯಿ" ಎಂದೆ. ಎರಡೂ ಕಡೆ ಕುಯ್ದೆವು. ಬಾಗಿಲ ಕೆಳಗಿನ ಪಟ್ಟಿಗಳೂ ತುಕ್ಕು ತಿಂದಿದ್ದವು, ಅವನ್ನೂ ತೆಗೆದೆವು. ಸಂಜೆಗೆ ಅಂಗಳದ ತುಂಬ ಕೆಂಪು ಚೂರು. ಕಾರಿನೊಳಗೆ ನಿಂತರೆ ಕಾಲು ನೆಲದ ಮೇಲೆ.

ಹೇಮಶ್ರೀ ಇಡೀ ದಿನ ಜಗಲಿ ಬಿಟ್ಟು ಅಲ್ಲಾಡಲಿಲ್ಲ. ಮೊದಲು ಹುರುಳಿ ಆರಿಸಿದಳು, ಆಮೇಲೆ ಆರಿಸಿದ ಹುರುಳಿಯನ್ನೇ ಮತ್ತೆ ಆರಿಸಿದಳು. ಕಣ್ಣು ಮಾತ್ರ ನನ್ನ ಮೇಲೆ. ಕಾವಲು! ನಾನೇನು ಕದ್ದು ಓಡಿಹೋಗುತ್ತೇನೆಯೇ?

ಜೂನ್ 9, ಸೋಮವಾರ

ಬಾಗಿಲು ಹಾಕಲು ಬರುತ್ತಿಲ್ಲ.

ನಾಲ್ಕರಲ್ಲಿ ಒಂದೂ ಇಲ್ಲ. ನಿನ್ನೆ ಗಾಳಿಯಾಡಲೆಂದು ತೆಗೆದಿಟ್ಟಿದ್ದೆವು. ಬೆಳಿಗ್ಗೆ ಹಾಕಲು ಹೋದರೆ ಬೀಗದ ನಾಲಗೆ ಒಂದು ಕಡೆ, ಕಿಂಡಿ ಒಂದು ಕಡೆ. ತಳ್ಳಿದೆ. ಒದ್ದೆ. ಕೈ ಊದಿದೆ.

ಜೂನ್ 12, ಗುರುವಾರ

ಆಚಾರ್ರು ಬಂದು ನೋಡಿ ಬಾಯಿ ತೆರೆದು ನಿಂತುಬಿಟ್ಟರು. ಆಮೇಲೆ ಆ ಬಾಯಿ ಮುಚ್ಚಲೇ ಇಲ್ಲ.

"ಎರಡೂ ಕಡೆ ಒಟ್ಟಿಗೆ ಕುಯ್ದ್ರಾ? ಇದೇನು ಎತ್ತಿನ ಗಾಡಿ ಅಂದ್ಕಂಡ್ರಾ ಗೌಡ್ರೆ? ಗಾಡಿಗೆ ಕೆಳಗಡೆ ಮರ ಅದೆ, ಹಲಗೆ ಕಿತ್ರೂ ಅದು ನಿಂತ್ಕತದೆ. ಇದಕ್ಕೆ ಕೆಳಗೆ ಏನದೆ? ಈ ತಗಡೇ ಇದರ ಬೆನ್ನುಮೂಳೆ. ಬೆನ್ನುಮೂಳೆ ಕುಯ್ದುಬುಟ್ಟು ಬಾಗಿಲು ಹಾಕಾಕ್ ಬರಾಕಿಲ್ಲ ಅಂತೀರಾ!"

ಹಿಂದೆ ಮುಂದೆ ಕಲ್ಲಿನ ಮೇಲೆ ನಿಂತ ಕಾರು ನಡುವೆ ಜೋತುಬಿದ್ದಿದೆ. ಮುದಿ ಎಮ್ಮೆಯ ಹಾಗೆ ಬೆನ್ನು ಬಗ್ಗಿಹೋಗಿದೆ. ಮೊದಲ ದಿನವೇ ಹೇಳಬಾರದಿತ್ತೇ ಎಂದು ಕೇಳಿದೆ. "ನೀವು ಕುಯ್ತೀರಿ ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದರು. ಅವರ ತಾತನನ್ನೂ ಆನೆಯನ್ನೂ ಸೇರಿಸಿ ಬೈದೆ. ಆಚಾರ್ರು ಗ್ಯಾಸ್ ಸೆಟ್ಟನ್ನು ಗೂಡ್ಸ್ ಆಟೋಗೆ ವಾಪಸ್ ಏರಿಸಿಕೊಂಡು ಹೊರಟೇಹೋದರು.

ಅನು ಕಾಲೇಜಿನಿಂದ ಬಂದು, "ಅಪ್ಪ, ಪಕ್ಕದ ಬೀದಿ ತನಕ ಕೇಳಿಸ್ತಿತ್ತು" ಎಂದಳು. ಪುಸ್ತಕ ಇದೆಯಲ್ಲ ಎಂದಳು ಹೇಮಶ್ರೀ. ಪುಸ್ತಕ ಆಗ ಕೈಗೆ ಸಿಗಬೇಕಲ್ಲ.

ಜೂನ್ 29, ಭಾನುವಾರ

ಬರೆಯಲು ಏನೂ ಇರಲಿಲ್ಲ. ಕಾರು ಅಲ್ಲೇ ಇತ್ತು, ನಾನು ಇಲ್ಲೇ ಇದ್ದೆ. ನಾಲೆಗೆ ನೀರು ಬಿಟ್ಟರು. ಮಡಿಗೆ ನೀರು ಕಟ್ಟಲು ಹೊರಟರೆ ಹೇಮಶ್ರೀಯೂ ಸೆರಗು ಸಿಕ್ಕಿಸಿಕೊಂಡು ಹೊರಟಳು. ನಾನು ನಿಂತರೆ ನಿಲ್ಲುತ್ತಾಳೆ. ಬೀಡಿ ಸೇದಲೆಂದು ಏರಿ ಹತ್ತಿದರೆ ನನಗೂ ನೀರಿಗೂ ನಡುವೆ ಬಂದು ನಿಲ್ಲುತ್ತಾಳೆ. "ಮನೇಲಿ ಕೆಲಸ ಇಲ್ವಾ ನಿಂಗೆ?" ಎಂದೆ. "ಅದೆ" ಎಂದಳು. ಹೋಗಲಿಲ್ಲ.

ಸಂಜೆ ಅವಳೇ ಆಚಾರ್ರಿಗೆ ಫೋನು ಮಾಡಿದಳು. ಏನು ಹೇಳಿದಳೋ, ಮುಂದಿನ ಭಾನುವಾರ ಬರುತ್ತಾರಂತೆ.

ಜುಲೈ 6, ಭಾನುವಾರ

ಕಾರಿನ ಬೆನ್ನು ನೆಟ್ಟಗಾಯಿತು.

ಕಿಶನ್ ಟ್ರಾಕ್ಟರಿನ ಜಾಕಿ ತಂದ. ಕಾರಿನ ನಡುವಿಗೆ ಅಡ್ಡಲಾಗಿ ಹುಣಸೆ ತೊಲೆ ಕೊಟ್ಟು, ಅದರ ಕೆಳಗೆ ಜಾಕಿ ಇಟ್ಟು, ಒಂದೊಂದು ಎಳೆಯಾಗಿ ಎತ್ತಿದೆವು. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಜಗಳ. ಆಚಾರ್ರು ಸಾಕು ಎಂದರು. ನಾನು ಇನ್ನೂ ಬೇಕು ಎಂದೆ. ಹೇಮಶ್ರೀ ಎದ್ದು ಬಂದು ಮುಂದಿನ ಎಡಗಡೆ ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು, "ಇನ್ನೊಂಚೂರು" ಎಂದಳು. ಮತ್ತೊಂದು ಸಲ ಹಾಕಿದಳು. "ಈಗ ಬಂತು." ಟಕ್ ಎಂದು ಮೊದಲಿನ ಹಾಗೇ ಹಾಕಿಕೊಂಡಿತು. ಮದುವೆಯಾದಾಗಿನಿಂದ ಅದೇ ಬಾಗಿಲಲ್ಲಿ ಹತ್ತಿ ಇಳಿದವಳಿಗೆ ಅದರ ಸದ್ದು ಗೊತ್ತಿರಬೇಕು.

ನಾಲ್ಕೂ ಬಾಗಿಲ ಸಂದಿಗೆ ಕಬ್ಬಿಣದ ಪಟ್ಟಿ ಅಡ್ಡ ಹಿಡಿಸಿ, ಬೆನ್ನು ಮತ್ತೆ ಬಗ್ಗದ ಹಾಗೆ ಮಾಡಿದ ಮೇಲೆ ಆಚಾರ್ರು ಬಲಗಡೆಯ ಹೊಸ ತಗಡು ಇಟ್ಟರು. ಉದ್ದಕ್ಕೆ ಬೆಸುಗೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತದಂತೆ. ಈ ಸಲ ಒಂದೂ ತೂತು ಬೀಳಲಿಲ್ಲ. ಆದರೂ ನಾನು ಹೊಗಳಲಿಲ್ಲ. ಹೊಗಳಿದರೆ ಮತ್ತೆ ಆನೆ ಬರುತ್ತದೆ.

ಜುಲೈ 13, ಭಾನುವಾರ

ಎಡಗಡೆಯೂ ಆಯಿತು. ಬಾಗಿಲ ಕೆಳಗಿನ ಪಟ್ಟಿಗಳೂ ಆದವು. ಬೆಸುಗೆಯ ಗಂಟುಗಳನ್ನು ಗ್ರೈಂಡರಿನಲ್ಲಿ ಉಜ್ಜಿ ಉಜ್ಜಿ ಕಿವಿ ಗುಂಯ್ ಎನ್ನುತ್ತಿದೆ. ಉಳಿದದ್ದು ಬಣ್ಣ. ಹೊಸ ತಗಡಿಗೆ ಗಾಳಿ ಸೋಕಿದರೆ ಸಾಕು ಮತ್ತೆ ತುಕ್ಕು ಹತ್ತುತ್ತದೆ, ಬೇಗ ಕೆಂಪು ಬಣ್ಣ ಬಳಿಯಿರಿ ಎಂದು ಆಚಾರ್ರು ಹೇಳಿ ಹೋದರು. ಮೋಡ ಬೇರೆ. ಕಾರಿಗೆ ಟಾರ್ಪಾಲು ಹೊದಿಸಿದೆ.

ಜುಲೈ 17, ಗುರುವಾರ

ಮಧ್ಯಾಹ್ನ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ತಳಕ್ಕೆ ಬಣ್ಣ ಬಳಿಯುತ್ತಿದ್ದೆ. ಮುದ್ದೆ ಉಂಡ ಭಾರ. ಕಣ್ಣು ಹತ್ತಿರಬೇಕು. ಎಚ್ಚರವಾದಾಗ ಕಾರಿನ ಕೆಳಗಿರಲಿಲ್ಲ, ಬೇವಿನ ಮರದ ನೆರಳಿನಲ್ಲಿ ಪಕ್ಕಕ್ಕೆ ತಿರುಗಿ ಮಲಗಿದ್ದೆ. ಸೆಕೆಗೆ ನಾನೇ ಎದ್ದು ಬಂದಿರಬೇಕು. ನಾಲಗೆಯ ಅಂಚು ಕಚ್ಚಿಹೋಗಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವವರು ಎಷ್ಟು ಜನ ಇಲ್ಲ? ಅಂಗಿಯ ಮೇಲೆಲ್ಲ ಕೆಂಪು ಬಣ್ಣ ಚೆಲ್ಲಿತ್ತು.

ಬಲಗೈಯಲ್ಲಿ ಅಡುಗೆಮನೆಯ ಕಬ್ಬಿಣದ ಇಕ್ಕಳ ಇತ್ತು. ಬಣ್ಣ ಬಳಿಯಲು ಇಕ್ಕಳ ಏಕೆ ತಂದೆನೋ ಗೊತ್ತಾಗುತ್ತಿಲ್ಲ. ಡಬ್ಬದ ಮುಚ್ಚಳ ಎತ್ತಲು ತಂದಿರಬೇಕು.

ಹೇಮಶ್ರೀ ಜಗಲಿಯಲ್ಲಿ ಇರಲಿಲ್ಲ. ಒಳಗೆ ಹೋದರೆ ಒಲೆಯ ಮುಂದೆ ನಿಂತಿದ್ದಳು. "ಇಕ್ಕಳ ಎಲ್ಲಿಟ್ರಿ?" ಎಂದು ಕೂಡ ಕೇಳಲಿಲ್ಲ. ನಾನೇ ಗೋಡೆಯ ಮೊಳೆಗೆ ನೇತುಹಾಕಿದೆ. ಕಾಫಿ ಕೊಟ್ಟಳು. ಲೋಟ ಕೊಡುವಾಗ ಅವಳ ಕೈಗೂ ಕೆಂಪು ಬಣ್ಣ ಅಂಟಿರುವುದು ಕಂಡಿತು. ಇವಳು ಯಾವಾಗ ಡಬ್ಬ ಮುಟ್ಟಿದಳೋ.

ಜುಲೈ 18, ಶುಕ್ರವಾರ

ನಿದ್ದೆಯೇ. ಮೂರ್ಛೆ ಬಂದಿದ್ದರೆ ಹೇಮಶ್ರೀ ಅತ್ತು ಕರೆದು ಊರು ಸೇರಿಸುತ್ತಿದ್ದಳು. ಫೆಬ್ರವರಿಯಲ್ಲಿ ಹಾಗೇ ಮಾಡಿದ್ದಳಲ್ಲ. ಅವಳು ಏನೂ ಹೇಳಿಲ್ಲ. ಆದ್ದರಿಂದ ಏನೂ ಆಗಿಲ್ಲ.

ಮೈಯೆಲ್ಲ ನೋವು. ಅದು ಕಾರಿನ ಕೆಳಗೆ ಮಲಗಿದ್ದಕ್ಕೆ.

ಜುಲೈ 30, ಬುಧವಾರ

ಮುಗಿಯಿತು. ಮೇಲೆ ಕೆಳಗೆ ಎರಡೆರಡು ಸಲ ಬಣ್ಣ. ಸೀಟು ಕೂರಿಸಿದೆವು. ಅನು ಹಿಂದಿನ ಸೀಟಿನಲ್ಲಿ ಕೂತು ಎರಡೂ ಕಾಲಿಂದ ತಳವನ್ನು ದಬದಬ ಒದ್ದು, "ಅಪ್ಪ, ಮನೆ ನೆಲಕ್ಕಿಂತ ಗಟ್ಟಿಯಾಗದೆ!" ಎಂದಳು. ನಾಲ್ಕೂ ಬಾಗಿಲು ಟಕ್ ಟಕ್ ಎನ್ನುತ್ತಿವೆ. ಇನ್ನು ಮೇಲೆ ಉಪ್ಪಿನ ಮೂಟೆ ಇದರ ಹತ್ತಿರ ಸುಳಿಯಕೂಡದು, ಆಯುಧಪೂಜೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿದೆ.

ಆಚಾರ್ರು ಕೊನೆಯ ಸಲ ಬಂದು ಕಾರಿನ ಸುತ್ತ ನಡೆದು ನೋಡಿ, "ನೀವು ಉಜ್ಜಿರೋದೂ ಪರವಾಗಿಲ್ಲ ಗೌಡ್ರೆ" ಎಂದರು. ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು. ಹೇಮಶ್ರೀ ಮಾತ್ರ ಅನುವನ್ನು, "ಇಳಿಯೇ, ಓದ್ಕ ಹೋಗು" ಎಂದು ಇಳಿಸಿ ಒಳಗೆ ಕರೆದುಕೊಂಡು ಹೋದಳು. ಈ ಹೆಂಗಸಿಗೆ ನನ್ನ ಸಂತೋಷ ಒಂದು ಗಳಿಗೆ ಸಹಿಸದು.

ಆಗಸ್ಟ್ 11, ಸೋಮವಾರ

ಡಾಕ್ಟರಮ್ಮನ ಕೋಣೆಯಲ್ಲಿ ನಾನು ಒಂದು ಕುರ್ಚಿ, ಹೇಮಶ್ರೀ ಒಂದು ಕುರ್ಚಿ. ಮಾತ್ರೆ ಕೇಳಿದರು, ನಿದ್ದೆ ಕೇಳಿದರು. ಆಮೇಲೆ, "ಮತ್ತೆ ಬಂದಿತ್ತಾ?" ಎಂದರು.

"ಇಲ್ಲ ಮೇಡಂ."

"ಒಂದು ಸಲವೂ? ಸ್ವಲ್ಪ ಹೊತ್ತು ಏನೂ ನೆನಪಿಲ್ಲದ ಹಾಗೆ, ನಾ‌ಲಗೆ ಕಚ್ಚಿಕೊಂಡ ಹಾಗೆ?"

"ಇಲ್ಲ."

ಹೇಮಶ್ರೀ ಕಡೆ ತಿರುಗಿ, "ನೀವೇನಾದರೂ ನೋಡಿದ್ರಾಮ್ಮ?" ಎಂದರು. ಹೇಮಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ರನ್ನೇ ಕೇಳಿ ಮೇಡಂ. ಅವ್ರೇ ಹೇಳ್ಲಿ" ಎಂದಳು. ಡಾಕ್ಟರಮ್ಮ ಮತ್ತೆ ನನ್ನ ಮುಖ ನೋಡಿದರು. "ಇಲ್ಲ ಅಂದ್ನಲ್ಲ ಮೇಡಂ" ಎಂದೆ.

ಮಾತ್ರೆ ಬಿಡಬೇಡಿ, ಹತ್ತಿರ ಹತ್ತಿರ ಮಾತ್ರ ಓಡಿಸಿ, ರಾತ್ರಿ ಬೇಡ ಎಂದು ಒಪ್ಪಿಗೆ ಕೊಟ್ಟರು. ಗೆದ್ದೆ! ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ಹೇಮಶ್ರೀ ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಕಾರಿನ ಬ್ಯಾಟರಿಯ ಬಗ್ಗೆ ಮಾತಾಡಿದೆ. ಹೂಂ ಎಂದಳು. ಹೊಸ ಮ್ಯಾಟಿನ ಬಗ್ಗೆ ಮಾತಾಡಿದೆ. ಹೂಂ ಎಂದಳು.

ಬಂದವನು ನೇರವಾಗಿ ಕೀ ಹಾಕಬೇಕು ಎಂದುಕೊಂಡಿದ್ದೆನಲ್ಲ. ಹಾಕಲಿಲ್ಲ. ಸುಸ್ತಾಗಿತ್ತು.

ಆಗಸ್ಟ್ 14, ಗುರುವಾರ

ಇವತ್ತೂ ಆಗಲಿಲ್ಲ. ಬ್ಯಾಟರಿ ತುಂಬಿಸಿ ತಂದಿದ್ದೇನೆ. ಅಂಗಳದಲ್ಲೇ ಹಿಂದೆ ಮುಂದೆ ಮಾಡಿದೆ. ಸೊಗಸಾಗಿದೆ. ಗೇಟಿನಾಚೆ ಹೋಗಲು ಪುರುಸೊತ್ತಿಲ್ಲ. ಭಾನುವಾರ ಹೇಗೂ ಹೋಗಲೇಬೇಕಲ್ಲ.

ಆಗಸ್ಟ್ 17, ಭಾನುವಾರ

ಕಿಶನ್ ಮನೆಯ ಗೃಹಪ್ರವೇಶ. ಊಟ ಮುಗಿಸಿ ಈಗ ಬಂದೆವು. ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಕಾರನ್ನು ಒರೆಸಿ ಅರಿಶಿನ ಕುಂಕುಮ ಇಟ್ಟು, ಮುಂದಕ್ಕೆ ಸೇವಂತಿಗೆ ಹಾರ ಕಟ್ಟಿದ್ದೆ. ಹೇಮಶ್ರೀ ರೇಷ್ಮೆ ಸೀರೆ ಉಟ್ಟು, ತಮ್ಮನಿಗೆ ಕೊಡುವ ಪಂಚೆ ಶರಟಿನ ತಟ್ಟೆ ಹಿಡಿದು ಬಂದಳು. ಅನು ಹಿಂದಿನ ಬಾಗಿಲಿಗೆ ಕೈ ಹಾಕಿದ್ದಳು. ಹೇಮಶ್ರೀ ಅವಳ ಕೈಗೆ ಆಧಾರ್ ಕಾರ್ಡ್ ಕೊಟ್ಟು, "ನೀನು ಬಸ್ಸಲ್ಲಿ ಬಾ. ದ್ಯಾವಮ್ಮನೂ ಹೊರಟವ್ಳೆ, ಅವಳ ಜೊತೆ ಬಾ" ಎಂದಳು. ಕಾರಿದೆಯಲ್ಲಮ್ಮ ಎಂದಿತು ಹುಡುಗಿ. "ಹೋಗು ಅಂದ್ರೆ ಹೋಗು." ಅನು ಮುಖ ಊದಿಸಿಕೊಂಡು ಹೋದಳು. ಹೇಮಶ್ರೀ ಮುಂದಿನ ಎಡಗಡೆ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಯಾಕೆ, ಕಾರಲ್ಲಿ ಜಾಗ ಇಲ್ವಾ ಅವಳಿಗೆ?" ಎಂದೆ.

"ನಾನು ಬತ್ತಾ ಇದೀನಲ್ಲ. ನಡೀರಿ."

ಹೊರಟೆ. ಬೀದಿ ದಾಟಿ ನಾಲೆ ಏರಿ ಹತ್ತಿದೆ. ಎಡಕ್ಕೆ ತುಂಬಿದ ನಾಲೆ, ಹೇಮಶ್ರೀ ಕೂತ ಕಡೆ. ಅವಳು ಬಾಗಿಲನ್ನು ಹಿಡಿದುಕೊಳ್ಳಲಿಲ್ಲ, ದೇವರ ಹೆಸರೂ ಹೇಳಲಿಲ್ಲ. ಸುಮ್ಮನೆ ಕೂತಿದ್ದಳು. ಹೆದರಿ ಕೂಗಿದ್ದರೆ ನಾನೂ ಕೂಗುತ್ತಿದ್ದೆ, ಕೂಗಾಡುತ್ತ ಕೆ.ಆರ್. ಪೇಟೆ ತಲುಪಿಬಿಡುತ್ತಿದ್ದೆ. ತೂಬಿನ ಹತ್ತಿರ ಬಂದಾಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಂತು.

"ಇಕ್ಕಳ ನೀನು ಕೊಟ್ಟಿದ್ದಾ?"

"ಇನ್ಯಾರು ಕೊಟ್ಟಾರು? ಡಾಕ್ಟ್ರು ಬ್ಯಾಡ ಅಂದಿದ್ರು. ಪಕ್ಕಕ್ಕೆ ತಿರುಗ್ಸಿ ಮಲಗಿಸ್ದೆ. ಆದ್ರೂ ಜೀವ ತಡೀಲಿಲ್ಲ, ಓಡೋಗಿ ಇಕ್ಕಳ ತಂದು ಹಿಡಿಸ್ದೆ."

"ಅವತ್ತು ಡಾಕ್ಟ್ರ ಮುಂದೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಸಾಯೋಗಂಟ ನಿನ್ನಿಂದ ಕಾರು ಹೋಯ್ತು ಅಂತಿದ್ರಿ. ನೀವೇ ಹೇಳ್ತೀರೇನೋ ಅಂತ ಕಾದೆ." ತಟ್ಟೆಯ ಮೇಲಿನ ಪಂಚೆಯನ್ನು ಸರಿಮಾಡಿದಳು. "ನೀವು ಓಡುಸ್ತೀನಿ ಅಂದ್ರೆ ನಾನು ಪಕ್ಕದಲ್ಲಿ ಕೂತ್ಕತೀನಿ. ನನ್ ಜೀವ ಬುಡಿ, ನಿಮ್ಮ ಜೊತೇದು. ಮಗೀನ ಮಾತ್ರ ಕೂರ್ಸಾಕಿಲ್ಲ."

ನಾನು ಇಂಜಿನ್ ಆರಿಸಿದೆ. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ. ಕಾರನ್ನು ಏರಿಯ ಬಲಕ್ಕೆ ಹುಣಸೆಮರದ ಕೆಳಗೆ ತಳ್ಳಿ ನಿಲ್ಲಿಸಿದೆವು. ಬಾಗಿಲುಗಳಿಗೆ ಬೀಗ ಹಾಕಿ ಕೀಯನ್ನು ಅವಳಿಗೆ ಕೊಟ್ಟೆ. ಬೇಡ, ನಿಮ್ಮ ಹತ್ತಿರವೇ ಇರಲಿ ಎಂದಳು. ಇಟ್ಟುಕೋ ಎಂದೆ. ಕಿಶನ್ ಬಿಡುವಾದಾಗ ಬಂದು ಮನೆಗೆ ತಂದು ನಿಲ್ಲಿಸುತ್ತಾನೆ.

ನಡೆದು ಬಂದರೆ ಬಸ್ ಸ್ಟಾಪಿನಲ್ಲಿ ಅರ್ಧ ಊರೇ ಇತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಕೋಳಿ ಲೋಕೇಶ ನನ್ನನ್ನು ನೋಡಿ, "ಏನಣ್ಣ, ಹೊಸ ತಳ ಹಾಕ್ಸಿ ಮೂರು ಕಿಲೋಮೀಟ್ರೂ ಓಡ್ಲಿಲ್ವಾ?" ಎಂದು ನಕ್ಕ. ದ್ಯಾವಮ್ಮನೂ ನಕ್ಕಳು. ಅನು ಓಡಿ ಬಂದು ನನ್ನ ತೋಳು ಹಿಡಿದುಕೊಂಡು, "ಕಾರು ಕೆಟ್ಟೋಯ್ತಾ ಅಪ್ಪ?" ಎಂದು ಕೇಳಿದಳು.

ಹೌದು ಎಂದಿದ್ದರೆ ಆಗುತ್ತಿತ್ತು. ಹೇಮಶ್ರೀ ನನ್ನ ಪರವಾಗಿ ಹೌದು ಎನ್ನಲು ಬಾಯಿ ತೆರೆದದ್ದೂ ಕಂಡಿತು.

"ಕಾರು ನೆಟ್ಟಗದೆ ಕಣವ್ವ," ಎಂದೆ. "ನಂಗೇ ಹೋದ ತಿಂಗಳು ಇನ್ನೊಂದ್ಸಲ ಬಂದಿತ್ತು."